ತುಂಬಿದ ಸಣ್ಣ ಕಾರಿನಲ್ಲಿ ಸಾವಿರ ಕಿಲೋಮೀಟರ್: ರಜೆಯ ಪ್ರವಾಸಕ್ಕೆ ಹ್ಯಾಚ್‌ಬ್ಯಾಕ್ ಸಜ್ಜುಗೊಳಿಸುವ ಬಗೆ

ದಸರಾ ರಜೆ ಹತ್ತಿರವಾದಂತೆ ಸಣ್ಣ ಕಾರು ಇರುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಗಾಡಿಯಲ್ಲೇ ಅಷ್ಟು ದೂರ ಹೋಗಿಬರಬಹುದೇ, ಇಲ್ಲ ದೊಡ್ಡದೊಂದನ್ನು ಬಾಡಿಗೆಗೆ ಹಿಡಿಯಬೇಕೇ? ನಾಲ್ವರ ಕುಟುಂಬಕ್ಕೆ ಹ್ಯಾಚ್‌ಬ್ಯಾಕ್ ಧಾರಾಳವಾಗಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ದಿನವೂ ಒಬ್ಬರೇ ಕುಳಿತು ಕಚೇರಿಗೆ ಓಡಿಸುವ ಕಾರು ಬೇರೆ, ನಾಲ್ವರು ಕುಳಿತು ಡಿಕ್ಕಿ ತುಂಬಿದ ಕಾರು ಬೇರೆ. ಹೆಸರು, ಬಣ್ಣ, ನೋಂದಣಿ ಸಂಖ್ಯೆ ಎಲ್ಲ ಅದೇ ಆದರೂ ಬ್ರೇಕು ಹಿಡಿಯುವ ರೀತಿ, ಏರು ಹತ್ತುವ ರೀತಿ, ಲಾರಿಯನ್ನು ಹಿಂದಿಕ್ಕುವ ರೀತಿ, ರಾತ್ರಿ ದೀಪ ಬೀಳುವ ಜಾಗ ಕೂಡ ಬದಲಾಗಿರುತ್ತದೆ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಓಡುವ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು 800ರಿಂದ 1,000 ಕೆ.ಜಿ. ತೂಗುತ್ತವೆ. 900 ಕೆ.ಜಿ. ಕಾರಿನಲ್ಲಿ ಚಾಲಕರೊಬ್ಬರೇ ಇದ್ದರೆ ಒಟ್ಟು 965 ಕೆ.ಜಿ. ಇನ್ನೂ ಮೂವರು ದೊಡ್ಡವರು ಮತ್ತು 60 ಕೆ.ಜಿ. ಸಾಮಾನು ಸೇರಿದರೆ 1,220 ಕೆ.ಜಿ. ಆಗುತ್ತದೆ. ಅಂದರೆ ಕಾಲು ಭಾಗದಷ್ಟು ಹೆಚ್ಚುವರಿ ಹೊರೆ. ದೊಡ್ಡ ಎಸ್‌ಯುವಿಗೆ ಇದೇ 255 ಕೆ.ಜಿ. ಅಷ್ಟೇನೂ ಗೊತ್ತಾಗುವುದಿಲ್ಲ. ಸಣ್ಣ ಕಾರಿಗೆ ಗೊತ್ತಾಗುತ್ತದೆ. ಮುಂದೆ ಹೇಳುವ ಬಹುಪಾಲು ಹೆಜ್ಜೆಗಳು ಈ ತೂಕವನ್ನು ಸಂಭಾಳಿಸುವುದಕ್ಕೇ ಇವೆ.

ಉದಾಹರಣೆಗೆ ಒಂದು ದಾರಿಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ ಹಾದು ಶಿವಮೊಗ್ಗ. ಅಲ್ಲಿಂದ ಸಾಗರ, ಜೋಗ. ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಕಡಲ ಬದಿಯಲ್ಲಿ ಮುರುಡೇಶ್ವರ, ಮರವಂತೆ, ಉಡುಪಿ, ಮಂಗಳೂರು. ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನದ ಮೇಲೆ ಮತ್ತೆ ಬೆಂಗಳೂರು. ಸುತ್ತು ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಬಯಲು ಹೆದ್ದಾರಿ, ಎರಡು ಸಾಲಿನ ರಸ್ತೆ, ಘಟ್ಟದ ಇಳಿತ, ಕಡಲ ಗಾಳಿ, ಘಾಟಿಯ ಏರು ಎಲ್ಲವೂ ಇದರಲ್ಲಿ ಇರುವುದರಿಂದ ಸಣ್ಣ ಕಾರಿನ ಬಲ ಮತ್ತು ಮಿತಿ ಎರಡನ್ನೂ ನೋಡಬಹುದು. ಐದು, ಆರು ದಿನ ಇಟ್ಟುಕೊಂಡರೆ ಎಲ್ಲೂ ಓಡಬೇಕಾಗಿಲ್ಲ.

ಹೊರಡುವ ವಾರಕ್ಕೆ ಮೊದಲು

ಸರ್ವಿಸ್ ಮಾಡಿಸುವುದಾದರೆ ಹೊರಡುವ ಹಿಂದಿನ ದಿನ ಬೇಡ. ಒಂದು ವಾರ ಮೊದಲೇ ಮುಗಿಸಿ, ಊರಿನೊಳಗೆ ನೂರು ಕಿಲೋಮೀಟರಾದರೂ ಓಡಿಸಿ. ಬಿಚ್ಚಿ ಜೋಡಿಸಿದ ಭಾಗದಲ್ಲಿ ಸಡಿಲ ಉಳಿದಿದ್ದರೆ ಅದು ಮನೆಯ ಹತ್ತಿರವೇ ಸದ್ದು ಮಾಡಲಿ. ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ, ವೈಪರ್ ರಬ್ಬರ್, ಬ್ಯಾಟರಿ ಇವನ್ನು ಗ್ಯಾರೇಜಿನವರು ಹೇಗೂ ನೋಡುತ್ತಾರೆ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂದು ಮಾತ್ರ ನೀವೇ ಬಾಯಿಬಿಟ್ಟು ಕೇಳಿ. ಊರಿನ ಓಡಾಟಕ್ಕೆ ಇನ್ನೂ ಎರಡು ತಿಂಗಳು ನಡೆಯುತ್ತದೆ ಎನ್ನುವ ಪ್ಯಾಡ್ ಘಟ್ಟ ಇಳಿಯುವುದಕ್ಕೆ ಸಾಲದು.

ಟೈರಿನ ವಿಷಯದಲ್ಲಿ ಅವಸರ ಬೇಡ. ಇಡೀ ಕಾರು ನೆಲ ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಸವೆದು ಆ ಉಬ್ಬಿನ ಸಮಕ್ಕೆ ಬಂದಿದ್ದರೆ ಆಳ 1.6 ಮಿ.ಮೀ.ಗೆ ಇಳಿದಿದೆ ಎಂದರ್ಥ. ಆ ಟೈರಿನಲ್ಲಿ ಮಳೆಯ ರಸ್ತೆಗೆ ಹೋಗಬಾರದು. ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿ. 2321 ಎಂದಿದ್ದರೆ ಅದು 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರ್. ಹೆಚ್ಚು ಓಡದ ಕಾರುಗಳಲ್ಲಿ ಗೆರೆ ಚೆನ್ನಾಗಿಯೇ ಇದ್ದು ರಬ್ಬರ್ ಮಾತ್ರ ಒಣಗಿ ಬಿರುಕು ಬಿಟ್ಟಿರುತ್ತದೆ. ಆರು ವರ್ಷ ದಾಟಿದ್ದರೆ ಬದಲಿಸಿಯೇ ಹೊರಡಿ.

ಗಾಳಿ ಎಷ್ಟಿರಬೇಕು ಎಂದು ಬಂಕಿನ ಹುಡುಗನನ್ನು ಕೇಳಬೇಡಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಹಲವು ಮಾದರಿಗಳಲ್ಲಿ ಅದರಲ್ಲಿ ಎರಡು ಸಾಲುಗಳಿರುತ್ತವೆ: ಇಬ್ಬರು ಮೂವರು ಕುಳಿತಾಗ ಇಷ್ಟು, ಪೂರ್ತಿ ತುಂಬಿದಾಗ ಇಷ್ಟು. ತುಂಬಿದ ಸಾಲಿನಲ್ಲಿ ಹಿಂದಿನ ಟೈರಿಗೆ ಹೆಚ್ಚು ಬರೆದಿರುವುದು ಸಾಮಾನ್ಯ. ಅದನ್ನೇ ಹಿಡಿಸಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೆದ ಸಂಖ್ಯೆಯೇ ಸರಿಯಾದದ್ದು. ನೂರು ಕಿಲೋಮೀಟರ್ ಓಡಿದ ಮೇಲೆ ಅಳೆದರೆ ಬಿಸಿಗೆ ಒತ್ತಡ ಏರಿರುತ್ತದೆ. ಹೆಚ್ಚಾಗಿದೆ ಎಂದು ಆಗ ಗಾಳಿ ಬಿಡಬಾರದು.

ಸ್ಟೆಪ್ನಿಗೂ ಗಾಳಿ ಹಿಡಿಸಿ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಉಳಿದ ಟೈರುಗಳಿಗಿಂತ ಚಿಕ್ಕದಿರುತ್ತದೆ. ಅದರ ಮೇಲೆ ಗಂಟೆಗೆ 80 ಕಿ.ಮೀ. ಮಿತಿ ಎಂದು ಬರೆದಿದ್ದರೆ ಅದು ಪಂಕ್ಚರ್ ಅಂಗಡಿಯವರೆಗೆ ಹೋಗುವುದಕ್ಕಷ್ಟೇ. ಇನ್ನು ಕೆಲವಕ್ಕೆ ಸ್ಟೆಪ್ನಿಯೇ ಇಲ್ಲ, ಅಂಟುದ್ರವ ಮತ್ತು ಗಾಳಿ ಪಂಪಿನ ಡಬ್ಬಿ ಮಾತ್ರ. ನಿಮ್ಮದು ಯಾವುದು ಎಂದು ಮನೆಯ ಮುಂದೆಯೇ ತಿಳಿದುಕೊಳ್ಳಿ, ಜಾಕ್ ಹಾಕಿ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಗ್ಯಾರೇಜಿನ ಯಂತ್ರದಲ್ಲಿ ಬಿಗಿದ ನಟ್ಟು ಕಾರಿನ ಜೊತೆ ಕೊಟ್ಟ ಪಾನಾಕ್ಕೆ ಜಗ್ಗದಿರುವುದು ಉಂಟು.

ಡಿಕ್ಕಿ ತುಂಬುವುದು

ಹ್ಯಾಚ್‌ಬ್ಯಾಕ್ ಡಿಕ್ಕಿಗಳು ಒಂದೇ ಅಳತೆಯವಲ್ಲ. ಟಿಯಾಗೊದಲ್ಲಿ 242 ಲೀಟರ್, ಸ್ವಿಫ್ಟ್‌ನಲ್ಲಿ 265ರ ಆಸುಪಾಸು, ಐ20ಯಲ್ಲಿ 311, ಬಲೆನೊದಲ್ಲಿ 318, ಹೊರಗಿನಿಂದ ಚಿಕ್ಕದಾಗಿ ಕಾಣುವ ವ್ಯಾಗನ್‌ಆರ್‌ನಲ್ಲಿ 341 ಲೀಟರ್. ಅಂಕಿಗಿಂತ ಆಕಾರ ಮುಖ್ಯ. ಗಟ್ಟಿ ಸೂಟ್‌ಕೇಸ್ ಎರಡು ಇಟ್ಟರೆ ಮೂಲೆಗಳೆಲ್ಲ ವ್ಯರ್ಥ. ಬಟ್ಟೆಯ ಮೆತ್ತನೆಯ ಚೀಲಗಳಾದರೆ ತಲೆಗೊಂದರಂತೆ ನಾಲ್ಕು ಕೂರುತ್ತವೆ, ಸಂದಿಗಳಲ್ಲಿ ಚಪ್ಪಲಿ, ಟವೆಲ್, ಕೊಡೆ ತುರುಕಬಹುದು. ಸಿಎನ್‌ಜಿ ಕಾರಾಗಿದ್ದರೆ ಸಿಲಿಂಡರ್ ಡಿಕ್ಕಿಯ ಜಾಗ ತಿನ್ನುವುದರಿಂದ ಈ ಲೆಕ್ಕ ಬೇರೆ; ಅಂಥವರು ಮೂವರಾಗಿ ಹೋಗಿ ಹಿಂದಿನ ಸೀಟಿನ ಒಂದು ಭಾಗ ಮಡಚಿಕೊಳ್ಳುವುದು ಒಳ್ಳೆಯದು.

ಭಾರದ ಚೀಲ ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ ಇರಲಿ. ಡಿಕ್ಕಿಯ ಬಾಗಿಲ ಕಡೆಗೆ ಭಾರ ಹೋದಷ್ಟೂ ಹಿಂಭಾಗ ಕುಸಿಯುತ್ತದೆ, ಸ್ಟೀರಿಂಗ್ ಹಗುರವಾದಂತೆ ಭಾಸವಾಗುತ್ತದೆ. ಸೀಟಿನ ಬೆನ್ನಿನ ಎತ್ತರಕ್ಕಿಂತ ಮೇಲೆ ಏನನ್ನೂ ಪೇರಿಸಬೇಡಿ. ಹಿಂದಿನ ಗಾಜಿನಲ್ಲಿ ದಾರಿ ಕಾಣದು ಎಂಬುದು ಒಂದು ಕಾರಣ. ದೊಡ್ಡ ಕಾರಣ ಇನ್ನೊಂದಿದೆ. ಜೋರಾಗಿ ಬ್ರೇಕ್ ಹಾಕಿದ ಕ್ಷಣ ಆ ಸ್ಟೀಲ್ ನೀರಿನ ಬಾಟಲಿ, ಆ ತೆಂಗಿನಕಾಯಿ ಚೀಲ ಮಕ್ಕಳ ತಲೆಯ ಕಡೆಗೇ ಹಾರುತ್ತದೆ. ಮಾವಿನ ಹಣ್ಣು ಇಡುವ ತಟ್ಟೆಯಂತೆ ಎಲ್ಲರೂ ಬಳಸುವ ಹಿಂದಿನ ಪಾರ್ಸಲ್ ಟ್ರೇ, ಅಂದರೆ ಡಿಕ್ಕಿಯ ಮೇಲೆ ಮುಚ್ಚುವ ಹಲಗೆ, ನಿಜಕ್ಕೂ ಖಾಲಿ ಇರಬೇಕಾದ ಜಾಗ.

ಜಾಕ್, ಪಾನಾ, ಟಾರ್ಚ್, ಎಚ್ಚರಿಕೆಯ ತ್ರಿಕೋನವನ್ನು ಡಿಕ್ಕಿಯ ತಳದಿಂದ ತೆಗೆದು ಮುಂದಿನ ಸೀಟಿನ ಕೆಳಗಿಡಿ. ಸ್ಟೆಪ್ನಿ ಸಾಮಾನಿನ ಅಡಿಯಲ್ಲಿದ್ದರೆ ಪಂಕ್ಚರ್ ಆದಾಗ ಎಲ್ಲವನ್ನೂ ರಸ್ತೆ ಬದಿಗೆ ಇಳಿಸಬೇಕಾಗುತ್ತದೆ. ಮಳೆಯಲ್ಲಿ ಆ ಕೆಲಸಕ್ಕೆ ಒಂದು ಪ್ಲಾಸ್ಟಿಕ್ ಟಾರ್ಪಾಲು ಜೊತೆಗಿದ್ದರೆ ಸಾಕು. ಛಾವಣಿಯ ಮೇಲೆ ಕ್ಯಾರಿಯರ್ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಸಣ್ಣ ಕಾರಿನ ನೆತ್ತಿಯ ಮೇಲೆ ಭಾರ ಬಂದರೆ ತಿರುವಿನಲ್ಲಿ ಓಲಾಟ ಹೆಚ್ಚು, ಗಾಳಿಯ ತಡೆಯಿಂದ ಪೆಟ್ರೋಲ್ ಖರ್ಚೂ ಹೆಚ್ಚು. ಸಾಮಾನು ಹಿಡಿಸುವುದಿಲ್ಲ ಎಂದಾದರೆ ಸಾಮಾನು ಕಡಿಮೆ ಮಾಡಬೇಕು.

ಕೂರುವವರ ಮಿತಿ ನಾಲ್ವರು ದೊಡ್ಡವರು. ಐದನೆಯವರಿಗೆ ಜಾಗವಿದೆ ಎಂದು ನೋಂದಣಿ ಪತ್ರದಲ್ಲಿ ಬರೆದಿದ್ದರೂ ಹಿಂದಿನ ನಡುವಿನ ಸೀಟಿನಲ್ಲಿ ಮುನ್ನೂರು ಕಿಲೋಮೀಟರ್ ಕೂರುವುದು ಶಿಕ್ಷೆ. ಹಿಂದೆ ಕುಳಿತವರೂ ಬೆಲ್ಟ್ ಹಾಕಿಕೊಳ್ಳಲೇಬೇಕು. ಇದು ಕಾನೂನು ಕೂಡ. ಹಿಂದಿನವರಿಗೆ ಎಸಿ ಕಿಂಡಿ ಇಲ್ಲದ ಕಾರುಗಳಲ್ಲಿ ಮುಂದಿನ ನಡುವಿನ ಎರಡು ಕಿಂಡಿಗಳನ್ನು ಮೇಲ್ಮುಖ ಮಾಡಿ, ಎರಡು ಸೀಟುಗಳ ನಡುವಿನ ಸಂದಿಗೆ ತಿರುಗಿಸಿ. ಗಾಳಿ ಛಾವಣಿಗೆ ತಾಗಿ ಹಿಂದಕ್ಕೆ ತಲಪುತ್ತದೆ.

ಯಾರೂ ಮುಟ್ಟದ ಒಂದು ಗುಂಡಿ

ಸ್ಟೀರಿಂಗ್‌ನ ಬಲಬದಿಯಲ್ಲಿ, ಮೊಣಕಾಲಿನ ಎತ್ತರಕ್ಕೆ, 0, 1, 2, 3 ಎಂದು ಅಂಕಿಗಳಿರುವ ಸಣ್ಣ ಚಕ್ರವೊಂದು ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿದೆ. ಕಾರು ಕೊಂಡ ದಿನದಿಂದ ಅದು 0ಯಲ್ಲೇ ನಿಂತಿರುತ್ತದೆ. ಹೆಡ್‌ಲೈಟಿನ ಬೆಳಕನ್ನು ತಗ್ಗಿಸುವ ಚಕ್ರ ಅದು. ಡಿಕ್ಕಿ ತುಂಬಿ ಹಿಂಭಾಗ ಕುಸಿದಾಗ ಕಾರಿನ ಮೂತಿ ಮೇಲೇಳುತ್ತದೆ. ಆಗ ನೀವು ಡಿಪ್ ಹಾಕಿದ್ದರೂ ಬೆಳಕು ಎದುರಿನವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ, ನಿಮ್ಮ ಮುಂದಿನ ರಸ್ತೆಗೆ ಬೆಳಕು ಕಡಿಮೆಯಾಗಿರುತ್ತದೆ. ಎದುರಿನ ಲಾರಿಯವರು ಮತ್ತೆ ಮತ್ತೆ ದೀಪ ಮಿಟುಕಿಸಿದರೆ ಬೈಯಬೇಡಿ, ಅವರಿಗೆ ನಿಜವಾಗಿಯೂ ಕಾಣುತ್ತಿಲ್ಲ.

ಸಾಮಾನು ತುಂಬಿ ಎಲ್ಲರೂ ಕುಳಿತ ಮೇಲೆ, ಕತ್ತಲಲ್ಲಿ ಒಂದು ಗೋಡೆಯ ಮುಂದೆ ಐದಾರು ಮೀಟರ್ ದೂರ ನಿಲ್ಲಿಸಿ. ಡಿಪ್‌ನಲ್ಲಿ ಬೆಳಕಿನ ಮೇಲಂಚು ಗೋಡೆಯ ಮೇಲೆ ಗೆರೆಯಂತೆ ಕಾಣುತ್ತದೆ. ಆ ಗೆರೆ ನಿಮ್ಮ ಹೆಡ್‌ಲೈಟಿನ ಎತ್ತರಕ್ಕಿಂತ ಕೊಂಚ ಕೆಳಗೆ ಬರುವವರೆಗೆ ಚಕ್ರ ತಿರುಗಿಸಿ. ನಾಲ್ವರು ಮತ್ತು ತುಂಬಿದ ಡಿಕ್ಕಿಗೆ ಸಾಮಾನ್ಯವಾಗಿ 2 ಅಥವಾ 3 ಸರಿಹೋಗುತ್ತದೆ. ಕಾಸು ಖರ್ಚಿಲ್ಲದ ಈ ಕೆಲಸದಷ್ಟು ಉಪಯೋಗದ್ದು ಇನ್ನೊಂದನ್ನು ನಾನು ಕಂಡಿಲ್ಲ.

ಹೆದ್ದಾರಿಗೆ ಇಳಿದ ಮೇಲೆ

ರಜೆಯ ಹಿಂದಿನ ಸಂಜೆ ಹೊರಡುವ ಯೋಚನೆ ಬಿಡಿ. ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ತೆವಳುವುದರಲ್ಲೇ ಕ್ಲಚ್ಚೂ ಕಾಲೂ ಸೋಲುತ್ತವೆ. ಬೆಳಿಗ್ಗೆ ಐದಕ್ಕೆ ಮೊದಲು ಮನೆ ಬಿಟ್ಟರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮುಂದೆ ಹೋಗಬಹುದು. ಅಲ್ಲಿ ನಿಂತಾಗ ನಾಲ್ಕೂ ಚಕ್ರದ ಬಳಿ ಕೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಾಗಿದ್ದರೆ ಅದರ ಬ್ರೇಕ್ ಬಿಡದೆ ಉಜ್ಜುತ್ತಿದೆ. ತುಮಕೂರಿನಲ್ಲೇ ತೋರಿಸಿಕೊಂಡು ಹೋಗಬೇಕು, ಘಟ್ಟದವರೆಗೆ ಕಾಯಬಾರದು.

ಚತುಷ್ಪಥ ಹೆದ್ದಾರಿಯಲ್ಲಿ ಕಾರುಗಳಿಗೆ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ.; ಫಲಕದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ. ತುಂಬಿದ ಹ್ಯಾಚ್‌ಬ್ಯಾಕ್‌ಗೆ 80ರಿಂದ 90 ಹಿತವಾದ ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಲ್ಲಿ ಇರುವ ತಡೆ 110ರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಇಡೀ ಸುತ್ತಿಗೆ ಲೀಟರಿಗೆ 16, 17 ಕಿ.ಮೀ. ಎಂದು ಹಿಡಿದರೆ 60 ಲೀಟರ್ ಪೆಟ್ರೋಲ್ ಬೇಕು. ಟ್ಯಾಂಕ್ 35 ಲೀಟರ್ ಆಸುಪಾಸಿನದಾದ್ದರಿಂದ ಅರ್ಧಕ್ಕೆ ಇಳಿದಾಗ ತುಂಬಿಸಿಕೊಳ್ಳುವುದು ರೂಢಿಯಾಗಲಿ. ಜೋಗದ ಕಡೆ ಹೋಗುವ ಮುನ್ನ ಸಾಗರದಲ್ಲಿ ತುಂಬಿಸಿಬಿಡಿ, ಮುಂದೆ ಕಾಡು. ಮಲೆನಾಡಿನಲ್ಲಿ ಸಿಎನ್‌ಜಿ ಬಂಕುಗಳು ವಿರಳ, ಹಾಗಾಗಿ ಸಿಎನ್‌ಜಿ ಕಾರಿನವರೂ ಪೆಟ್ರೋಲ್ ಟ್ಯಾಂಕ್ ತುಂಬಿಸಿಯೇ ಹೊರಡಬೇಕು.

ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ ನೋಡಿಕೊಳ್ಳಿ. ವರ್ಷದಲ್ಲಿ ಹಲವು ಬಾರಿ ಹೀಗೆ ತಿರುಗುವವರಿಗೆ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ಲಾಭದಾಯಕ. ಒಂದು ವರ್ಷ ಅಥವಾ 200 ಟೋಲ್ ದಾಟುವಿಕೆ, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ. ರಾಜ್ಯ ಹೆದ್ದಾರಿಯ ಟೋಲ್‌ಗಳಿಗೆ ಅದು ಅನ್ವಯಿಸುವುದಿಲ್ಲ.

ಲಾರಿಯನ್ನು ಹಿಂದಿಕ್ಕುವುದು

ಎರಡು ಸಾಲಿನ ರಸ್ತೆಯಲ್ಲಿ ಸಣ್ಣ ಕಾರಿನವರು ಅಪಾಯಕ್ಕೆ ಸಿಲುಕುವುದು ಹೆಚ್ಚಾಗಿ ಇಲ್ಲೇ. ಲಾರಿ 50ರಲ್ಲಿ ಹೋಗುತ್ತಿದೆ, ನೀವು 80ರಲ್ಲಿ ದಾಟುತ್ತೀರಿ ಎನ್ನಿ. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿ 50 ಮೀಟರ್ ಹೆಚ್ಚು ಸಾಗಬೇಕು. ಅದಕ್ಕೆ ಆರು ಸೆಕೆಂಡ್. ಅಷ್ಟರಲ್ಲಿ ನಿಮ್ಮ ಕಾರು 130 ಮೀಟರ್ ಮುಂದೆ ಹೋಗಿರುತ್ತದೆ. ಎದುರಿನಿಂದ ಬರುವವರೂ 80ರಲ್ಲಿದ್ದರೆ ಅವರೂ ಅಷ್ಟೇ ದೂರ ಹತ್ತಿರ ಬಂದಿರುತ್ತಾರೆ. ಅಲ್ಲಿಗೆ 270 ಮೀಟರ್ ಖಾಲಿ ರಸ್ತೆ ಕನಿಷ್ಠ ಬೇಕು. ಲಾರಿಯ ಹಿಂದೆ 50ಕ್ಕೆ ಇಳಿದು ಅಲ್ಲಿಂದ ವೇಗ ಪಡೆಯಬೇಕಾದರೆ, ಅದೂ ತುಂಬಿದ ಕಾರಿನಲ್ಲಿ, ಈ ದೂರ 400 ಮೀಟರ್ ಆದರೂ ಆಶ್ಚರ್ಯವಿಲ್ಲ.

ಆದ್ದರಿಂದ ಲಾರಿಗೆ ಅಂಟಿಕೊಂಡು ಹೋಗಬೇಡಿ. ದೂರ ಉಳಿದರೆ ಮುಂದಿನ ರಸ್ತೆ ಕಾಣುತ್ತದೆ. ದಾರಿ ಸಿಕ್ಕಾಗ ಮೊದಲೇ ಮೂರನೇ ಗೇರಿಗೆ ಇಳಿಸಿ, ಆಮೇಲೆ ಬಲಕ್ಕೆ ಬನ್ನಿ. ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗಳಿಗೆ ಪೂರ್ತಿ ಎಳೆತ ಬರುವುದು ನಿಮಿಷಕ್ಕೆ 4,000 ಸುತ್ತಿನ ಆಸುಪಾಸಿನಲ್ಲಿ. ಎಂಜಿನ್ ಜೋರಾಗಿ ಕೂಗುತ್ತದೆ ಎಂದು ಹೆದರಿ ನಾಲ್ಕನೆಯದರಲ್ಲೇ ಒತ್ತಿದರೆ ಲಾರಿಯ ಪಕ್ಕದಲ್ಲೇ ಉಳಿದುಬಿಡುತ್ತೀರಿ. ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಕಾರಿನಲ್ಲಿ, ಗೇರ್ ಬದಲಾಗುವಾಗ ಕ್ಷಣಕಾಲ ಎಳೆತ ನಿಲ್ಲುತ್ತದೆ. ಆ ಕ್ಷಣ ರಸ್ತೆಯ ತಪ್ಪು ಬದಿಯಲ್ಲಿ ಬರಬಾರದು, ಹಾಗಾಗಿ ಮ್ಯಾನ್ಯುಯಲ್ ಸ್ಥಾನಕ್ಕೆ ತಂದು ಮೊದಲೇ ಗೇರ್ ಇಳಿಸಿಕೊಳ್ಳಿ. ಸಿಎನ್‌ಜಿಯಲ್ಲಿದ್ದರೆ ಪೆಟ್ರೋಲಿಗೆ ಬದಲಿಸಿ.

ಗೇರುಸೊಪ್ಪೆ ಘಟ್ಟ ಇಳಿಯುವುದು

ಜೋಗದಿಂದ ಮಾವಿನಗುಂಡಿ ದಾಟಿದ ಮೇಲೆ ಶರಾವತಿ ಕಣಿವೆಯ ದಟ್ಟ ಕಾಡಿನಲ್ಲಿ ರಸ್ತೆ ಇಳಿಯುತ್ತದೆ. ಇಲ್ಲಿ ಸಣ್ಣ ಕಾರಿಗೆ ಅದರ ಗಾತ್ರವೇ ವರ. ಎದುರಿಗೆ ಬಸ್ಸು ಬಂದರೂ ತಿರುವಿನಲ್ಲಿ ನಿಮಗೆ ಜಾಗ ಉಳಿದಿರುತ್ತದೆ. ಕಷ್ಟ ಇರುವುದು ಬ್ರೇಕಿಗೆ. ಹತ್ತುವುದಾದರೆ ಯಾವ ಗೇರ್ ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ, ಹೆಚ್ಚಿನ ಕಡೆ ಎರಡನೆಯದು, ಕೊಂಚ ಸಡಿಲವಿದ್ದಲ್ಲಿ ಮೂರನೆಯದು. ಎಂಜಿನ್ನೇ ಕಾರನ್ನು ತಡೆಹಿಡಿಯುತ್ತದೆ. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ಬಿಟ್ಟುಬಿಡಿ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು, ಸುಟ್ಟ ವಾಸನೆ ಬಂದು, ಪೆಡಲ್ ಮೆತ್ತಗಾಗುತ್ತದೆ. ಹಾಗಾದರೆ ಅಗಲದ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ, ಚಕ್ರಕ್ಕೆ ನೀರು ಎರಚಬೇಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ಪ್ರಾಣಕ್ಕೆ ಎರವು. ಲಾಭವೂ ಇಲ್ಲ, ಏಕೆಂದರೆ ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ಕಿರಿದಾದ ಜಾಗದಲ್ಲಿ ಏರಿ ಬರುವವರಿಗೆ ದಾರಿ ಬಿಡಬೇಕಾದವರು ಇಳಿಯುವವರು.

ಈ ಕಾಡು ಸಿಂಗಳೀಕಗಳ ಮನೆ. ಕಂಡರೆ ಕಾರಿನೊಳಗಿಂದಲೇ ನೋಡಿ. ತಿನ್ನಲು ಏನನ್ನೂ ಎಸೆಯಬೇಡಿ, ರಸ್ತೆಗೆ ಇಳಿಯುವ ಅಭ್ಯಾಸವಾದ ಪ್ರಾಣಿ ಚಕ್ರದಡಿ ಸಾಯುತ್ತದೆ.

ಮಲೆನಾಡಿನ ಹೋಂಸ್ಟೇಗಳಿಗೆ ಹೋಗುವ ಮಣ್ಣಿನ ದಾರಿಯ ಬಗ್ಗೆಯೂ ಒಂದು ಮಾತು. ಸಣ್ಣ ಕಾರಿನ ತಳ ನೆಲದಿಂದ 160, 170 ಮಿ.ಮೀ. ಎತ್ತರ ಎಂದು ಹೇಳುವುದು ಖಾಲಿ ಕಾರಿನ ಲೆಕ್ಕ. ನಾಲ್ವರು ಕುಳಿತರೆ ಅದು ಇಳಿಯುತ್ತದೆ. ಸಣ್ಣ ಕಾರು ಅಂಗಳದವರೆಗೆ ಬರುತ್ತದೆಯೇ ಎಂದು ಕೊಠಡಿ ಕಾಯ್ದಿರಿಸುವಾಗಲೇ ಕೇಳಿ. ಕಲ್ಲೆದ್ದ ಕಡೆ ಚಾಲಕರನ್ನು ಬಿಟ್ಟು ಎಲ್ಲರೂ ಇಳಿದು ನಡೆದರೆ ಕಾರು ಸಲೀಸಾಗಿ ದಾಟುತ್ತದೆ. ಕೊಡಚಾದ್ರಿ ಮನಸ್ಸಿನಲ್ಲಿದ್ದರೆ ಅಲ್ಲಿನ ಜೀಪನ್ನೇ ಹಿಡಿಯಿರಿ.

ಕಡಲ ಬದಿ, ಆಮೇಲೆ ಶಿರಾಡಿ

ಹೊನ್ನಾವರದ ಶರಾವತಿ ಸೇತುವೆಯ ಮೇಲೂ ಮರವಂತೆಯಲ್ಲೂ ಅಡ್ಡಗಾಳಿ ಹೊಡೆಯುತ್ತದೆ. ಎತ್ತರದ ಹಗುರ ಕಾರುಗಳು ಅದಕ್ಕೆ ಸ್ವಲ್ಪ ಸರಿಯುತ್ತವೆ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಹೆದ್ದಾರಿ 66ರ ಡಿವೈಡರ್ ಸಂದುಗಳಲ್ಲಿ ಸ್ಕೂಟರುಗಳು ಎದುರು ದಿಕ್ಕಿನಲ್ಲೇ ಬರುವುದುಂಟು. ಮರಳಿನ ಮೇಲೆ ಕಾರು ಇಳಿಸಬೇಡಿ. ಮುಂದಿನ ಚಕ್ರಗಳು ಹೂತರೆ ಎಳೆಯಲು ಟ್ರ್ಯಾಕ್ಟರ್ ಬೇಕಾಗುತ್ತದೆ. ಮಳೆಯಲ್ಲಿ ಹ್ಯಾಚ್‌ಬ್ಯಾಕ್‌ನ ನೆಟ್ಟಗಿನ ಹಿಂಗಾಜಿಗೆ ಚಕ್ರ ಎತ್ತಿದ ಕೆಸರು ಸುಳಿದು ಬಂದು ಅಂಟಿಕೊಳ್ಳುತ್ತದೆ. ಹಿಂದೆ ವೈಪರ್ ಇಲ್ಲದ ಮಾದರಿಯಾದರೆ ನಿಂತಲ್ಲೆಲ್ಲ ಒರೆಸಬೇಕು.

ಮರಳುವಾಗ ಗುಂಡ್ಯದಿಂದ ಶಿರಾಡಿ ಏರು ಶುರು. ಮಂಗಳೂರು ಬಂದರಿನಿಂದ ಬರುವ ಟ್ಯಾಂಕರುಗಳ ಹಿಂದೆ ಮೊದಲ, ಎರಡನೆಯ ಗೇರಿನಲ್ಲಿ ತೆವಳುವಾಗ ರೇಡಿಯೇಟರಿಗೆ ಗಾಳಿ ಸಿಗುವುದಿಲ್ಲ. ಎಸಿ ಆರಿಸಿದರೆ ಎಂಜಿನ್ನಿಗೆ ಉಸಿರು ಬರುತ್ತದೆ. ಹೊಸ ಹ್ಯಾಚ್‌ಬ್ಯಾಕ್‌ಗಳಲ್ಲಿ ಬಿಸಿ ತೋರಿಸುವ ಮುಳ್ಳು ಇಲ್ಲದಿರುವುದೇ ಹೆಚ್ಚು, ಒಂದು ಕೆಂಪು ದೀಪ ಮಾತ್ರ. ಅದು ಹೊತ್ತಿದರೆ ಹೀಟರ್ ಪೂರ್ತಿ ತೆರೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕಾಯಿರಿ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ತಿರುಗಿಸಿದರೆ ಮುಖಕ್ಕೆ ಕುದಿನೀರು ಚಿಮ್ಮುತ್ತದೆ. ಏರಿನಲ್ಲಿ ನಿಂತಾಗ ಎಎಂಟಿ ಕಾರನ್ನು ಎಕ್ಸಲರೇಟರ್ ಮೇಲೆ ತಡೆದು ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ; ಹ್ಯಾಂಡ್‌ಬ್ರೇಕ್ ಎಳೆಯಿರಿ. ಮಳೆ ಜೋರಿದ್ದರೆ ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ಹೊಸದಲ್ಲ. ಹೊರಡುವ ಬೆಳಿಗ್ಗೆ ಸುದ್ದಿ ನೋಡಿ, ಚಾರ್ಮಾಡಿ ಅಥವಾ ಸಂಪಾಜೆಯ ದಾರಿ ತೆರೆದಿದೆಯೇ ತಿಳಿದುಕೊಂಡಿರಿ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033, ಅಪಘಾತವಾದರೆ 112.

ಮನೆಗೆ ಬಂದ ಮೇಲೆ

ಕಡಲ ಉಪ್ಪು ತಳದ ಕಬ್ಬಿಣವನ್ನು ತಿನ್ನುವುದರಿಂದ ಎರಡು ದಿನದೊಳಗೆ ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತಿದ್ದರೆ ಯಾವುದೋ ಗುಂಡಿ ಅಲೈನ್‌ಮೆಂಟ್ ಕೆಡಿಸಿದೆ. ಟೈರಿನ ಒಳಬದಿಯಲ್ಲಿ ಉಬ್ಬು ಎದ್ದಿದೆಯೇ ಎಂದು ಚಕ್ರ ತಿರುಗಿಸಿ ನೋಡಿ, ಎದ್ದಿದ್ದರೆ ಆ ಟೈರ್ ಮತ್ತೆ ಹೆದ್ದಾರಿಗೆ ಹೋಗಬಾರದು. ಡಿಕ್ಕಿ ಖಾಲಿಯಾದ ಮೇಲೆ ಟೈರಿನ ಗಾಳಿಯನ್ನು ಚೀಟಿಯ ಮೊದಲ ಸಾಲಿಗೆ ಇಳಿಸಿ, ಹೆಡ್‌ಲೈಟಿನ ಚಕ್ರವನ್ನು 0ಗೆ ತಿರುಗಿಸಿ, ಜಾಕನ್ನು ಅದರ ಜಾಗದಲ್ಲಿಡಿ.